ನಕಲಿ ರೂಮು, ಅಕ್ರಮ ರೂಮು, ಕಳಪೆ ರೂಮು: ಮೂರೂ ಒಂದೇ ಅಲ್ಲ

2025ರ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಒಂದರ ಹಿಂದೆ ಒಂದು ಬಂದ ಎರಡು ಸುದ್ದಿಗಳು ನಮ್ಮ ಭಾಗದ ಓದುಗರ ತಲೆಯಲ್ಲಿ ಬೆರೆತುಹೋಗಿವೆ.

ಮೊದಲನೆಯದು ನಮ್ಮ ಮನೆಬಾಗಿಲಿನದು. ಮಾರ್ಚ್ 6ರ ರಾತ್ರಿ ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಸಾಣಾಪುರದ ಹತ್ತಿರ, ತುಂಗಭದ್ರಾ ಎಡದಂಡೆ ಕಾಲುವೆಯ ಬದಿ ಕುಳಿತಿದ್ದ ಪ್ರವಾಸಿಗರ ಮೇಲೆ ದಾಳಿ ನಡೆಯಿತು. ಇಬ್ಬರು ಮಹಿಳೆಯರ ಮೇಲೆ ಅತ್ಯಾಚಾರವಾಯಿತು. ಒಬ್ಬ ಪ್ರವಾಸಿ ಕಾಲುವೆಯಲ್ಲಿ ಪ್ರಾಣ ಕಳೆದುಕೊಂಡರು. ಈ ಅಪರಾಧ ನಡೆದದ್ದು ಬಯಲಿನಲ್ಲಿ, ಯಾವ ವಸತಿಯ ಒಳಗೂ ಅಲ್ಲ. ಆದರೂ ಅದರ ಬೆನ್ನಿಗೇ ಸುತ್ತಲಿನ ಹೋಂಸ್ಟೇ, ರೆಸಾರ್ಟ್‌ಗಳಿಗೆ ಪರವಾನಗಿ ಇದೆಯಾ ಎಂಬ ಪ್ರಶ್ನೆ ಎದ್ದಿತು.

ಎರಡನೆಯದು ದೆಹಲಿಯಿಂದ ಬಂತು. ಕೇಂದ್ರ ಗೃಹ ಸಚಿವಾಲಯದ ಅಡಿಯಲ್ಲಿರುವ ಭಾರತೀಯ ಸೈಬರ್ ಅಪರಾಧ ಸಮನ್ವಯ ಕೇಂದ್ರ ಏಪ್ರಿಲ್‌ನಲ್ಲಿ ಯಾತ್ರಿಗಳಿಗೆ ಎಚ್ಚರಿಕೆ ಕೊಟ್ಟಿತು. ಕೇದಾರನಾಥದ ಹೆಲಿಕಾಪ್ಟರ್ ಟಿಕೆಟ್, ಯಾತ್ರಿಗಳ ಗೆಸ್ಟ್‌ಹೌಸ್, ಟ್ಯಾಕ್ಸಿ, ಟೂರ್ ಪ್ಯಾಕೇಜ್ ಹೆಸರಿನಲ್ಲಿ ನಕಲಿ ವೆಬ್‌ಸೈಟ್, ಫೇಸ್‌ಬುಕ್ ಪುಟ, ವಾಟ್ಸ್‌ಆ್ಯಪ್ ಖಾತೆಗಳು ಓಡಾಡುತ್ತಿವೆ ಎಂದಿತು. ಗೂಗಲ್‌ನಲ್ಲಿ ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತುಗಳನ್ನೂ ಹೆಸರಿಸಿತು.

ಇವೆರಡನ್ನೂ ಓದಿದವರಿಗೆ ಉಳಿದ ಪ್ರಶ್ನೆ ಒಂದೇ. ರಜೆಗೆ ಎಲ್ಲಿಗೋ ಹೊರಟಿದ್ದೇವೆ, ರೂಮ್ ಬುಕ್ ಮಾಡಬೇಕು, ಯಾವುದನ್ನು ನಂಬೋದು?

## ಮೂರು ಪದ, ಮೂರು ತೊಂದರೆ

ಗೊಂದಲಕ್ಕೆ ಅರ್ಧ ಕಾರಣ ಪದಗಳೇ. ‘ನಕಲಿ ರೆಸಾರ್ಟ್’, ‘ಅಕ್ರಮ ಹೋಂಸ್ಟೇ’, ‘ಫೋಟೊದಲ್ಲಿ ಒಂದು, ಹೋದಾಗ ಇನ್ನೊಂದು’ ಎನ್ನುವುದನ್ನೆಲ್ಲ ನಾವು ‘ಮೋಸ’ ಎಂಬ ಒಂದೇ ಚೀಲಕ್ಕೆ ತುಂಬುತ್ತೇವೆ. ಆದರೆ ಮೂರೂ ಬೇರೆ.

ನಕಲಿ ಎಂದರೆ ರೂಮೇ ಇಲ್ಲ. ಅಥವಾ ರೂಮ್ ಇದೆ, ನಿಮ್ಮಿಂದ ದುಡ್ಡು ತೆಗೆದುಕೊಂಡವನಿಗೂ ಅದಕ್ಕೂ ಸಂಬಂಧವಿಲ್ಲ. ಅಕ್ರಮ ಎಂದರೆ ರೂಮ್ ಇದೆ, ಮಾಲೀಕನೂ ಇದ್ದಾನೆ, ಊಟವೂ ಚೆನ್ನಾಗಿರಬಹುದು. ಆದರೆ ಆ ಕಟ್ಟಡಕ್ಕೋ ವ್ಯಾಪಾರಕ್ಕೋ ಅನುಮತಿ ಇಲ್ಲ. ಕಳಪೆ ಎಂದರೆ ಕಾಗದ ಪತ್ರ ಎಲ್ಲ ಸರಿ, ಹೇಳಿದ್ದು ಮಾತ್ರ ಕೊಡುವುದಿಲ್ಲ.

ನಕಲಿಯಲ್ಲಿ ಹೋಗುವುದು ದುಡ್ಡು. ಅಕ್ರಮದಲ್ಲಿ ಅಪಾಯಕ್ಕೆ ಬೀಳುವುದು ಸುರಕ್ಷತೆ ಮತ್ತು ಪ್ರವಾಸದ ಯೋಜನೆ. ಕಳಪೆಯಲ್ಲಿ ಕೆಡುವುದು ರಜೆಯ ಖುಷಿ. ನಷ್ಟ ಬೇರೆ ಆದ್ದರಿಂದ ಲಕ್ಷಣಗಳೂ ಬೇರೆ. ಅಕ್ರಮ ಹೋಂಸ್ಟೇಗೆ ಗೂಗಲ್‌ನಲ್ಲಿ ಅಪ್ಪಟ ನಿಜವಾದ ಒಳ್ಳೆ ವಿಮರ್ಶೆಗಳಿರಬಹುದು. ನಕಲಿಯ ವೆಬ್‌ಸೈಟಿನಲ್ಲಿ ಪರವಾನಗಿ ಸಂಖ್ಯೆ ಎದ್ದು ಕಾಣುವಂತೆ ಇರಬಹುದು, ಬೇರೆಯವರದ್ದನ್ನು ಕದ್ದು ಹಾಕಿದ್ದು. ಒಂದರ ಪರೀಕ್ಷೆಯನ್ನು ಇನ್ನೊಂದಕ್ಕೆ ಇಟ್ಟರೆ ಉತ್ತರ ತಪ್ಪುತ್ತದೆ.

## ಯಾತ್ರೆಯ ರೂಮೇ ಯಾಕೆ ಗುರಿ?

ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಿಂದ ಜನ ಜಾಸ್ತಿ ಹೋಗುವುದು ಎಲ್ಲಿಗೆ? ಮಂತ್ರಾಲಯ, ತಿರುಪತಿ, ಶ್ರೀಶೈಲ, ಶಿರಡಿ. ಬೇಸಿಗೆ ರಜೆಯಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ಗೋವಾ. ಈ ಪಟ್ಟಿಯಲ್ಲಿ ಮೋಸಗಾರನಿಗೆ ಬೇಕಾದ್ದೆಲ್ಲ ಇದೆ.

ಯಾತ್ರೆಯ ದಿನ ಮೊದಲೇ ಗೊತ್ತಾಗಿರುತ್ತದೆ. ಆರಾಧನೆಯನ್ನು ಮುಂದಿನ ವಾರಕ್ಕೆ ಹಾಕಲು ಆಗುವುದಿಲ್ಲ. ದರ್ಶನದ ಟಿಕೆಟ್ ಸಿಕ್ಕಿರುತ್ತದೆ, ರೈಲಿನ ರಿಸರ್ವೇಶನ್ ಆಗಿರುತ್ತದೆ, ರೂಮ್ ಒಂದೇ ಬಾಕಿ. ಮಠ, ದೇವಸ್ಥಾನದ ವಸತಿ ಅಗ್ಗ. ಹಾಗಾಗಿ ಬೇಗ ತುಂಬುತ್ತದೆ. ಅಧಿಕೃತ ಜಾಗದಲ್ಲಿ ‘ಖಾಲಿ ಇಲ್ಲ’ ಎಂದು ಬಂದ ಕೂಡಲೇ ನಾವು ಮೊಬೈಲ್‌ನಲ್ಲಿ ಹುಡುಕಲು ಶುರು ಮಾಡುತ್ತೇವೆ. ನಕಲಿ ಜಾಹೀರಾತು ಕಾಯುತ್ತಿರುವುದೇ ಆ ಹೊತ್ತಿಗೆ. ಅದರ ಮೇಲೆ ದೇವರ ಫೋಟೊ, ಗೋಪುರದ ಫೋಟೊ ಇದ್ದರೆ ಅನುಮಾನ ಪಡುವುದೇ ಪಾಪ ಎನ್ನಿಸುತ್ತದೆ.

ಇನ್ನೂ ಒಂದು ಲೆಕ್ಕವಿದೆ. ಕಳೆದುಕೊಳ್ಳುವ ಮೊತ್ತ ಸಾಮಾನ್ಯವಾಗಿ ಎರಡು ಸಾವಿರ, ಐದು ಸಾವಿರ. ಅಷ್ಟಕ್ಕೆ ಠಾಣೆ ಮೆಟ್ಟಿಲು ಯಾರು ಹತ್ತುತ್ತಾರೆ ಎಂದು ಮನೆಯವರು ಸುಮ್ನೆ ಆಗಿಬಿಡುತ್ತಾರೆ. ದೂರು ಬರದಿದ್ದರೆ ಅದೇ ನಂಬರ್, ಅದೇ ಪುಟ ನಾಳೆಯೂ ಕೆಲಸ ಮಾಡುತ್ತದೆ.

ತಿರುಮಲದ ದೇವಸ್ಥಾನ ನಕಲಿ ವೆಬ್‌ಸೈಟ್‌ಗಳ ಬಗ್ಗೆ ಮತ್ತೆ ಮತ್ತೆ ಎಚ್ಚರಿಸುತ್ತಲೇ ಇದೆ. ಅದರ ಅಧಿಕೃತ ವಿಳಾಸ ‘ಡಾಟ್ ಎಪಿ ಡಾಟ್ ಗವ್ ಡಾಟ್ ಇನ್’ ಎಂದು ಕೊನೆಯಾಗುತ್ತದೆ. ಈ ‘ಗವ್ ಡಾಟ್ ಇನ್’ ಬಾಲ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುವಂಥದ್ದು. ಆದರೆ ಬಾಲವನ್ನು ಬಾಲದ ಜಾಗದಲ್ಲೇ ನೋಡಬೇಕು. ವಿಳಾಸದ ನಡುವೆ ಎಲ್ಲೋ ‘ಗವ್’ ಎಂದು ಸೇರಿಸಿ, ಕೊನೆಗೆ ‘ಡಾಟ್ ಕಾಮ್’ ಇಟ್ಟರೆ ಅದಕ್ಕೂ ಸರ್ಕಾರಕ್ಕೂ ಸಂಬಂಧವಿಲ್ಲ. ಖಾಸಗಿ ಟ್ರಸ್ಟ್, ಮಠಗಳಿಗೆ ಈ ಬಾಲ ಇರುವುದಿಲ್ಲ. ಅಲ್ಲಿ ಮಠದ ಕಚೇರಿಗೇ ಫೋನ್ ಮಾಡಿ ವಿಳಾಸ ಕೇಳುವುದು ಲೇಸು. ರಾಯಚೂರಿನವರಿಗೆ ಮಂತ್ರಾಲಯ ದೂರದ್ದೇನಲ್ಲ. ಹೋಗಿ ಬಂದವರು ಓಣಿಯಲ್ಲೇ ಸಿಗುತ್ತಾರೆ. ಅವರ ಹತ್ತಿರ ಹಳೆಯ ರಸೀದಿ ಇದ್ದರೆ ಅದರ ಮೇಲಿನ ನಂಬರ್ ಗೂಗಲ್‌ನಲ್ಲಿ ಸಿಕ್ಕ ನಂಬರಿಗಿಂತ ಹೆಚ್ಚು ನಂಬಿಕೆಯದ್ದು.

ಗೂಗಲ್ ನಕ್ಷೆಯಲ್ಲಿರುವ ನಂಬರನ್ನೂ ಪೂರ್ತಿ ನಂಬುವಂತಿಲ್ಲ. ‘ತಿದ್ದುಪಡಿ ಸೂಚಿಸಿ’ ಎಂಬ ಸೌಲಭ್ಯ ಅಲ್ಲಿ ಎಲ್ಲರಿಗೂ ತೆರೆದಿದೆ. ಅದನ್ನು ಬಳಸಿ ನಿಜವಾದ ಹೋಟೆಲಿನ ಪುಟಕ್ಕೆ ಮೋಸಗಾರರು ತಮ್ಮ ನಂಬರ್ ಸೇರಿಸಿದ ಉದಾಹರಣೆಗಳಿವೆ. ಹೋಟೆಲ್ ನಿಜ, ಫೋಟೊ ನಿಜ, ವಿಮರ್ಶೆ ನಿಜ, ಫೋನ್ ಎತ್ತುವವನು ಮಾತ್ರ ಬೇರೆ. ಹಾಗಾಗಿ ನಂಬರನ್ನು ಕನಿಷ್ಠ ಎರಡು ಕಡೆ ಹೊಂದಿಸಿ ನೋಡಬೇಕು.

## ಎರಡನೇ ಸಾರಿ ದುಡ್ಡು ಕೇಳಿದರೆ

ನಕಲಿಯ ನಡೆ ಬಹುಪಾಲು ಒಂದೇ ಥರ ಇರುತ್ತದೆ. ಮೊದಲು ಸಭ್ಯ ಮಾತು. ‘ಎರಡೇ ರೂಮ್ ಉಳಿದಿವೆ ಸರ್, ಅರ್ಧ ಅಡ್ವಾನ್ಸ್ ಹಾಕಿದರೆ ಬ್ಲಾಕ್ ಮಾಡ್ತೀನಿ.’ ವಾಟ್ಸ್‌ಆ್ಯಪ್‌ಗೆ ಚಂದದ ಫೋಟೊ, ದರಪಟ್ಟಿ, ಒಂದು ಕ್ಯೂಆರ್ ಕೋಡ್ ಬರುತ್ತದೆ. ನೀವು ಎರಡು ಸಾವಿರ ಹಾಕುತ್ತೀರಿ.

ಐದು ನಿಮಿಷಕ್ಕೆ ಮತ್ತೆ ಫೋನ್. ‘ಸರ್, ಸಿಸ್ಟಮ್‌ನಲ್ಲಿ ಬಿಲ್ ಜನರೇಟ್ ಆಗ್ತಿಲ್ಲ. ಪೂರ್ತಿ ಮೊತ್ತ ಒಂದೇ ಸಾರಿ ಬರಬೇಕಂತೆ. ನಾಲ್ಕು ಸಾವಿರ ಹಾಕಿ, ಮೊದಲಿನ ಎರಡು ಸಾವಿರ ಆಟೋಮ್ಯಾಟಿಕ್ ವಾಪಸ್ ಬರುತ್ತೆ.’ ಇಲ್ಲವೇ ‘ರೀಫಂಡೆಬಲ್ ಡಿಪಾಸಿಟ್’, ಇಲ್ಲವೇ ‘ಜಿಎಸ್‌ಟಿ ಬೇರೆ ಕಟ್ಟಬೇಕು’.

ನಕಲಿಯ ಅತ್ಯಂತ ಖಚಿತ ಲಕ್ಷಣ ಇದೇ. ನಿಜವಾದ ಲಾಡ್ಜಿನವನಿಗೆ ಅಡ್ವಾನ್ಸ್ ಸಿಕ್ಕಮೇಲೆ ಚಿಂತೆ ಇಲ್ಲ. ಬಾಕಿಯನ್ನು ನೀವು ಬಂದಾಗ ವಸೂಲಿ ಮಾಡುತ್ತಾನೆ. ಕೌಂಟರ್ ದಾಟಿ ಎಲ್ಲಿ ಹೋಗುತ್ತೀರಿ? ಮೋಸಗಾರನಿಗೆ ನೀವು ಎಂದೂ ಎದುರಿಗೆ ಬರುವುದಿಲ್ಲ. ಫೋನಿನಲ್ಲಿ ಎಷ್ಟು ಸಿಗುತ್ತದೋ ಅಷ್ಟೇ ಅವನ ಸಂಪಾದನೆ. ಹಾಗಾಗಿ ಮತ್ತೆ ಮತ್ತೆ ಕೇಳುತ್ತಾನೆ. ನಾವೂ ಮೊದಲು ಹೋದ ಎರಡು ಸಾವಿರವನ್ನು ಉಳಿಸಿಕೊಳ್ಳಲು ಇನ್ನೂ ನಾಲ್ಕು ಸಾವಿರ ಹಾಕುತ್ತೇವೆ. ಬಾವಿಗೆ ಬಿದ್ದ ಕೊಡ ತೆಗೆಯಲು ಹೋಗಿ ಹಗ್ಗವನ್ನೂ ಕಳೆದುಕೊಂಡ ಹಾಗೆ.

ಜಿಎಸ್‌ಟಿಯ ಮಾತಿಗೆ ಒಂದು ಸುಲಭದ ತಾಳೆ ಇದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ₹7,500ರವರೆಗಿನ ರೂಮಿಗೆ ತೆರಿಗೆ ಶೇ 5. ಅದಕ್ಕಿಂತ ದುಬಾರಿ ರೂಮಿಗೆ ಮಾತ್ರ ಶೇ 18. ಎರಡು ಸಾವಿರದ ರೂಮಿಗೆ ಹದಿನೆಂಟು ಪರ್ಸೆಂಟ್ ಕೇಳುವವನಿಗೆ ಲೆಕ್ಕ ಗೊತ್ತಿಲ್ಲ, ಅಥವಾ ನಿಮಗೆ ಗೊತ್ತಿಲ್ಲ ಎಂದುಕೊಂಡಿದ್ದಾನೆ.

## ಹೆಸರು ಕಾಣಿಸುವ ಆ ಎರಡು ಸೆಕೆಂಡು

ಯುಪಿಐನಲ್ಲಿ ದುಡ್ಡು ಹಾಕುವ ಮುಂಚೆ ಪರದೆ ಮೇಲೆ ಒಂದು ಹೆಸರು ಬರುತ್ತದೆ. ಹೆಚ್ಚಿನವರು ನೋಡದೆ ಪಿನ್ ಒತ್ತುತ್ತಾರೆ. 2025ರ ಜೂನ್ 30ರಿಂದ ಈ ಹೆಸರಿನ ಬೆಲೆ ಹೆಚ್ಚಿದೆ. ಯುಪಿಐ ನಡೆಸುವ ಎನ್‌ಪಿಸಿಐ ನಿಯಮದ ಪ್ರಕಾರ ಆ್ಯಪ್‌ಗಳು ಅಲ್ಲಿ ಬ್ಯಾಂಕಿನಲ್ಲಿ ದಾಖಲಾದ ಹೆಸರನ್ನೇ ತೋರಿಸಬೇಕು. ಖಾತೆದಾರ ತಾನೇ ಇಟ್ಟುಕೊಂಡ ಹೆಸರನ್ನಾಗಲಿ, ನೀವು ಫೋನಿನಲ್ಲಿ ಸೇವ್ ಮಾಡಿದ ಹೆಸರನ್ನಾಗಲಿ ಅಲ್ಲ.

ಹಾಗಾದರೆ ರೆಸಾರ್ಟಿನ ಹೆಸರು ಬರದೆ ವ್ಯಕ್ತಿಯ ಹೆಸರು ಬಂದರೆ ಮೋಸವೇ? ಇಲ್ಲ. ಇಲ್ಲಿ ಅವಸರ ಬೇಡ. ಆನೆಗೊಂದಿ, ಸಾಣಾಪುರ ಕಡೆ ಮನೆಯಲ್ಲೇ ಮೂರು ನಾಲ್ಕು ರೂಮ್ ಬಾಡಿಗೆಗೆ ಕೊಡುವವರ ಫೋನ್‌ಪೇ ಅವರದೇ ಹೆಸರಿನಲ್ಲಿರುತ್ತದೆ. ಕೆಲವೊಮ್ಮೆ ಹೆಂಡತಿಯ ಹೆಸರು, ಮಗನ ಹೆಸರು. ವರ್ಷದ ವಹಿವಾಟು ₹20 ಲಕ್ಷ ದಾಟದ ಸಣ್ಣವರು ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯನ್ನೂ ಮಾಡಿಸಬೇಕಿಲ್ಲ. ಕಂಪನಿ ಖಾತೆ ಇಲ್ಲ ಎಂದು ಇವರನ್ನೆಲ್ಲ ಬಿಟ್ಟರೆ ಅನ್ಯಾಯ. ದೊಡ್ಡ ಹೋಟೆಲ್‌ಗಳಿಗೆ ಮಾತ್ರ ಲಾಭ.

ನೋಡಬೇಕಾದ್ದು ಹೊಂದಾಣಿಕೆ. ಮಾತಾಡಿದವರು ಒಂದು ಹೆಸರು ಹೇಳಿ, ಪರದೆ ಮೇಲೆ ಇನ್ನೊಂದು ಬಂದರೆ ‘ಇದು ಯಾರ ಹೆಸರು?’ ಎಂದು ಕೇಳಿ. ನಿಜವಾದವರು ಥಟ್ಟನೆ ಹೇಳುತ್ತಾರೆ. ‘ನಮ್ಮ ಅಕೌಂಟೆಂಟ್‌ದು’, ‘ಹೆಡ್ ಆಫೀಸ್‌ದು’ ಎಂದು ಉತ್ತರ ಬದಲಾಗುತ್ತ ಹೋದರೆ, ಅಥವಾ ಮೊದಲ ಕ್ಯೂಆರ್ ಕೆಲಸ ಮಾಡದೆ ಎರಡನೆಯದು ಬಂದು ಅದರಲ್ಲಿ ಮೂರನೇ ಹೆಸರಿದ್ದರೆ ಅಲ್ಲಿಗೆ ನಿಲ್ಲಿಸಿ. ಮೋಸಗಾರರು ಬಳಸುವುದು ಕಮಿಷನ್ ಕೊಟ್ಟು ಪಡೆದ ಬಾಡಿಗೆ ಖಾತೆಗಳನ್ನು. ಅವು ಬ್ಲಾಕ್ ಆಗುತ್ತಲೇ ಇರುತ್ತವೆ. ಹೆಸರು ಬದಲಾಗುತ್ತಲೇ ಇರುವುದು ಅದಕ್ಕೇ.

ರೀಫಂಡ್ ಪಡೆಯಲು ಪಿನ್ ಹಾಕಿ ಎಂದರೆ ಮಾತು ಮುಂದುವರಿಸುವುದೇ ಬೇಡ. ಪಿನ್ ಇರುವುದು ದುಡ್ಡು ಕಳಿಸಲು, ಪಡೆಯಲು ಅಲ್ಲ.

ಜಿಎಸ್‌ಟಿ ಸಂಖ್ಯೆ ಕೊಟ್ಟಿದ್ದರೆ ಅದನ್ನೂ ನೋಡಬಹುದು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ಹುಡುಕಿದರೆ ವ್ಯಾಪಾರದ ಹೆಸರು, ಜಾಗ, ನೋಂದಣಿ ಚಾಲ್ತಿಯಲ್ಲಿದೆಯಾ ಎನ್ನುವುದು ಸಿಗುತ್ತದೆ. ಮೊದಲ ಎರಡು ಅಂಕಿ ರಾಜ್ಯದ ಗುರುತು: ಕರ್ನಾಟಕ 29, ಗೋವಾ 30, ಆಂಧ್ರ 37. ಮಂತ್ರಾಲಯದಲ್ಲೊಂದೇ ಲಾಡ್ಜ್ ಎಂದು ಹೇಳಿಕೊಳ್ಳುವವರ ಬಿಲ್ಲಿನಲ್ಲಿ ದೂರದ ಇನ್ನೊಂದು ರಾಜ್ಯದ ಅಂಕಿ ಇದ್ದರೆ ಕಾರಣ ಕೇಳಬೇಕು. ಸಂಖ್ಯೆ ಸರಿ ಇದ್ದು ಹೆಸರು ಯಾವುದೋ ಹಾರ್ಡ್‌ವೇರ್ ಅಂಗಡಿಯದ್ದಾಗಿದ್ದರೆ ಕೇಳುವ ಅಗತ್ಯವೂ ಇಲ್ಲ.

## ‘ಎಲ್ಲಿ ಇಳೀಬೇಕ್ರಿ?’

ಕಾಗದಕ್ಕಿಂತ ಚುರುಕಾದ ಪರೀಕ್ಷೆ ಒಂದಿದೆ. ಊರಿನ ಪ್ರಶ್ನೆ ಕೇಳುವುದು.

‘ಗಂಗಾವತಿ ಬಸ್‌ಸ್ಟ್ಯಾಂಡಿಂದ ಬರ್ತೀವಿ, ಎಲ್ಲಿ ಇಳೀಬೇಕ್ರಿ? ಅಲ್ಲಿಂದ ಆಟೊ ಸಿಗ್ತಾವೇನ್ರಿ? ರಾತ್ರಿ ಎಂಟಾದ್ರೆ ಊಟ ಇರ್ತದೇನ್ರಿ?’ ಅಲ್ಲೇ ಇರುವವನು ಯೋಚಿಸದೆ ಉತ್ತರಿಸುತ್ತಾನೆ. ಯಾವ ಕ್ರಾಸ್, ಯಾವ ಗುಡಿ, ಯಾರ ಅಂಗಡಿ ಎಂದು ಗುರುತು ಹೇಳುತ್ತಾನೆ. ಸಾವಿರ ಮೈಲಿ ದೂರ ಕುಳಿತವನು ‘ಲೊಕೇಶನ್ ಕಳಿಸ್ತೀನಿ ಸರ್, ಮೊದಲು ಪೇಮೆಂಟ್ ಮಾಡಿ’ ಎನ್ನುತ್ತಾನೆ.

ಆದರೆ ಹಿಂದಿಯಲ್ಲಿ ಮಾತಾಡಿದ ಮಾತ್ರಕ್ಕೆ ಅನುಮಾನ ಬೇಡ. ನಮ್ಮ ಕಡೆಯ ರೆಸಾರ್ಟ್‌ಗಳಲ್ಲೂ ಹೊರರಾಜ್ಯದ ಹುಡುಗರು ಕೆಲಸಕ್ಕಿದ್ದಾರೆ. ಪರೀಕ್ಷೆ ಭಾಷೆಯದ್ದಲ್ಲ, ಜಾಗದ ತಿಳಿವಳಿಕೆಯದ್ದು. ಇನ್ನೂ ಸಂಶಯ ಉಳಿದರೆ ವಿಡಿಯೊ ಕಾಲ್ ಮಾಡಿ ಅಂಗಳ, ರೂಮ್ ತೋರಿಸಲು ಹೇಳಿ. ಮಾಲೀಕನಿಗೆ ಅದು ಎರಡು ನಿಮಿಷದ ಕೆಲಸ. ನೆಟ್‌ವರ್ಕ್ ಇಲ್ಲ ಎಂದು ತಪ್ಪಿಸಿಕೊಳ್ಳುವವನ ವಾಟ್ಸ್‌ಆ್ಯಪ್‌ಗೆ ಫೋಟೊ ಮಾತ್ರ ಸಲೀಸಾಗಿ ಹೋಗುತ್ತಿರುತ್ತದೆ ಎನ್ನುವುದನ್ನು ಗಮನಿಸಿ. ಅದೇ ಫೋಟೊಗಳನ್ನು ಗೂಗಲ್ ಲೆನ್ಸ್‌ಗೆ ಹಾಕಿದರೆ ಬೇರೆ ಊರಿನ ಬೇರೆ ಹೋಟೆಲಿನ ಪುಟ ತೆರೆದುಕೊಳ್ಳುವುದೂ ಉಂಟು. ಇನ್ನೊಂದು ದಾರಿ, ನಕ್ಷೆಯಲ್ಲಿ ಪಕ್ಕಕ್ಕಿರುವ ಹೋಟೆಲ್ ಅಥವಾ ಕಿರಾಣಿ ಅಂಗಡಿಗೆ ಫೋನ್ ಮಾಡುವುದು. ‘ನಿಮ್ಮ ಬಾಜೂಕ ಇಂಥ ಲಾಡ್ಜ್ ಅದೇನ್ರಿ?’ ಎಂದು ಕೇಳಲು ನಾಚಿಕೆ ಏಕೆ?

## ವಿರೂಪಾಪುರ ಗಡ್ಡಿ ಕಲಿಸುವ ಪಾಠ

ಈಗ ಅಕ್ರಮದ ವಿಷಯ. ಇದಕ್ಕೆ ನಮ್ಮಲ್ಲೇ ದೊಡ್ಡ ಉದಾಹರಣೆ ಇದೆ.

ಹಂಪಿಯ ಎದುರು ದಂಡೆಯಲ್ಲಿ, ತುಂಗಭದ್ರೆಯ ನಡುವೆ ಇರುವ ವಿರೂಪಾಪುರ ಗಡ್ಡಿ ಪ್ರವಾಸಿಗರ ಬಾಯಲ್ಲಿ ‘ಹಿಪ್ಪಿ ಐಲ್ಯಾಂಡ್’ ಆಗಿತ್ತು. ಅಲ್ಲಿ ವರ್ಷಗಟ್ಟಲೆ ಗೆಸ್ಟ್‌ಹೌಸ್, ಹೋಟೆಲ್‌ಗಳು ನಡೆದವು. ಆದರೆ ಅದು 1988ರಲ್ಲೇ ರಕ್ಷಿತ ಪ್ರದೇಶವೆಂದು ಅಧಿಸೂಚನೆಯಾದ ಜಾಗ. ಅಧಿಸೂಚನೆ ಸ್ಮಾರಕಗಳಿಗೆ ಮಾತ್ರ, ಇಡೀ ಊರಿಗಲ್ಲ ಎಂದು ಮಾಲೀಕರು ವಾದಿಸಿದರು. ಹೈಕೋರ್ಟ್ ಒಪ್ಪಲಿಲ್ಲ. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಒಪ್ಪಲಿಲ್ಲ. ಮಾರ್ಚ್‌ನಲ್ಲಿ ಜೆಸಿಬಿಗಳು ಬಂದವು.

ಅಲ್ಲಿ ತಂಗಿದ್ದ ಸಾವಿರಾರು ಜನರಿಗೆ ಯಾರೂ ಮೋಸ ಮಾಡಿರಲಿಲ್ಲ. ರೂಮ್ ಸಿಕ್ಕಿತ್ತು, ದುಡ್ಡಿಗೆ ತಕ್ಕ ಸೇವೆ ಸಿಕ್ಕಿತ್ತು. ಆದರೂ ಕಾಲಡಿಯ ನೆಲ ಗಟ್ಟಿ ಇರಲಿಲ್ಲ. ವಿಮರ್ಶೆಗಳಲ್ಲಿ ಅಕ್ರಮ ಕಾಣುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಗಡ್ಡಿಯ ಫೋಟೊಗಳು, ಬರಹಗಳು ಇಂಟರ್‌ನೆಟ್‌ನಲ್ಲಿ ಹಾಗೇ ಉಳಿದಿವೆ. ‘ಹಿಪ್ಪಿ ಐಲ್ಯಾಂಡ್ ಸ್ಟೇ’ ಎಂದು ಯಾರಾದರೂ ರೂಮ್ ಮಾರಿದರೆ ಅವರು ಹೇಳುತ್ತಿರುವುದು ಸಾಮಾನ್ಯವಾಗಿ ಸಾಣಾಪುರದ ಕಡೆಯ ಜಾಗ. ಸರ್ವೆ ನಂಬರ್ ಬೇಡ, ಹಳ್ಳಿಯ ಹೆಸರನ್ನಾದರೂ ಕೇಳಿ.

ಅಕ್ರಮ ಜಾಗದಲ್ಲಿ ಉಳಿದರೆ ಏನಾಗುತ್ತದೆ? ಹೆಚ್ಚಿನ ಸಾರಿ ಏನೂ ಆಗುವುದಿಲ್ಲ. ಎಚ್ಚರಿಕೆ ನಾಟದಿರುವುದೂ ಅದಕ್ಕೇ. ಆಗುವುದು ಎರಡು ರೀತಿ. ನೀವು ಬುಕ್ ಮಾಡಿದ ದಿನಕ್ಕೂ ಹೋಗುವ ದಿನಕ್ಕೂ ನಡುವೆ ಅಧಿಕಾರಿಗಳು ಬೀಗ ಹಾಕಿದರೆ ಅಡ್ವಾನ್ಸ್ ಕೇಳಲು ಮಾಲೀಕನನ್ನು ಹುಡುಕಬೇಕಾಗುತ್ತದೆ. ಅದಕ್ಕಿಂತ ದೊಡ್ಡದು, ಯಾವ ಇಲಾಖೆಯೂ ಬಂದು ನೋಡದ ಕಟ್ಟಡದಲ್ಲಿ ಬೆಂಕಿ, ವೈರಿಂಗ್, ಬಾವಿ, ಈಜುಕೊಳದ ಸುರಕ್ಷತೆಯನ್ನು ಯಾರೂ ಪರಿಶೀಲಿಸಿರುವುದಿಲ್ಲ. ರಿಜಿಸ್ಟರ್‌ನಲ್ಲಿ ಹೆಸರು ಬರೆಯದ, ಗುರುತಿನ ಚೀಟಿ ಕೇಳದ ಜಾಗ ‘ಕಿರಿಕಿರಿ ಇಲ್ಲ’ ಎನ್ನಿಸಬಹುದು. ನಾಳೆ ಏನಾದರೂ ಆದರೆ ನೀವು ಅಲ್ಲಿದ್ದಿರಿ ಎನ್ನುವುದಕ್ಕೂ ದಾಖಲೆ ಇರುವುದಿಲ್ಲ.

## ಆಡಳಿತದ ಮಾತು, ಮಾಲೀಕರ ಮಾತು

ಆಡಳಿತದ ನಿಲುವು ಸರಳ. ಹಂಪಿ ವಿಶ್ವ ಪರಂಪರೆ ತಾಣ. 1999ರಿಂದ 2006ರವರೆಗೆ ಅದು ಯುನೆಸ್ಕೊದ ‘ಅಪಾಯದಲ್ಲಿರುವ ತಾಣಗಳ’ ಪಟ್ಟಿಯಲ್ಲಿತ್ತು. ಅದರ ನಡುವೆ, 2002ರಲ್ಲಿ, ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರಕ್ಕಾಗಿ ಕಾಯ್ದೆ ಬಂತು. ಪ್ರಾಧಿಕಾರದ ವ್ಯಾಪ್ತಿ ಹೊಳೆಯ ಎರಡೂ ಕಡೆಯ ಹಳ್ಳಿಗಳಿಗಿದೆ. ಕಂಡಲ್ಲೆಲ್ಲ ಕಟ್ಟಲು ಬಿಟ್ಟರೆ ಪಟ್ಟವೇ ಹೋಗಬಹುದು. ಜೊತೆಗೆ ವಿದೇಶಿಯರು ಬಂದರೆ 24 ಗಂಟೆಯೊಳಗೆ ಮಾಹಿತಿ ಸಲ್ಲಿಸುವ ಹೊಣೆ ವಸತಿಯವರದ್ದು. ನೋಂದಣಿಯೇ ಇಲ್ಲದವರಿಂದ ಅದನ್ನು ನಿರೀಕ್ಷಿಸುವುದು ಹೇಗೆ?

ಮಾಲೀಕರ ಮಾತಿನಲ್ಲೂ ಹುರುಳಿದೆ. ನೆಲ ಅವರದ್ದು, ಅಜ್ಜ ಮುತ್ತಾತರ ಕಾಲದ್ದು. ಭತ್ತದ ಬೆಲೆ ನಂಬಿ ಕೂರಲಾಗದೆ ಎರಡು ರೂಮ್ ಹಾಕಿದ್ದಾರೆ. ಪಂಚಾಯಿತಿ, ಪ್ರಾಧಿಕಾರ, ಭೂಪರಿವರ್ತನೆ, ಪ್ರವಾಸೋದ್ಯಮ ಇಲಾಖೆ ಎಂದು ಸುತ್ತಬೇಕು. ಒಂದು ಕಡೆ ಅರ್ಜಿ ನಿಂತರೆ ಎಲ್ಲವೂ ನಿಲ್ಲುತ್ತದೆ. ಅರ್ಜಿ ಹಾಕಿ ಕಾಯುತ್ತಿರುವವನೂ ಅರ್ಜಿಯನ್ನೇ ಹಾಕದವನೂ ಸುದ್ದಿಯಲ್ಲಿ ಒಂದೇ ಪದಕ್ಕೆ ಸೇರುತ್ತಾರೆ.

ಇಬ್ಬರ ಮಾತೂ ನಿಜವಾದಾಗ ಪ್ರವಾಸಿಗೆ ಏನು ದಾರಿ? ‘ನಿಮ್ಮ ಲೈಸೆನ್ಸ್ ಯಾವುದು, ಯಾರು ಕೊಟ್ಟಿದ್ದು?’ ಎಂದು ನೇರವಾಗಿ ಕೇಳುವುದು. ಪತ್ರ ಇದ್ದವರು ಫೋಟೊ ಕಳಿಸುತ್ತಾರೆ. ಅದರ ಮೇಲಿನ ಹೆಸರು, ವಿಳಾಸ, ಅವಧಿ ನೋಡಿ. ಹೋಂಸ್ಟೇ ಎಂಬ ಬೋರ್ಡ್ ಇದ್ದು ಇಪ್ಪತ್ತು ಕಾಟೇಜ್ ಇದ್ದರೆ ಅದು ಹೋಂಸ್ಟೇ ಅಲ್ಲ. ಕೇಂದ್ರದ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೆಯಲ್ಲೇ ಮಿತಿ 6 ಕೋಣೆ, 12 ಹಾಸಿಗೆ. ಮಾಲೀಕರ ಕುಟುಂಬವೂ ಅಲ್ಲೇ ಇರಬೇಕು. ಮನೆಯವರೇ ಇಲ್ಲದ ‘ಹೋಂ’ ಹೇಗಾಗುತ್ತದೆ, ಅಲ್ವಾ? ಅರ್ಜಿ ಬಾಕಿ ಇದೆ ಎನ್ನುವವರ ಹತ್ತಿರ ತಂಗುವುದು ಬಿಡುವುದು ನಿಮ್ಮ ಆಯ್ಕೆ. ತಂಗುವುದಾದರೆ ಅಡ್ವಾನ್ಸ್ ಕಡಿಮೆ ಇರಲಿ, ಬಾಕಿ ಹೋದ ಮೇಲೆ ಕೊಡಿ.

## ‘ಹಂಪಿ ವ್ಯೂ’ ಎಂದರೆ ಎಲ್ಲಿಂದ?

ಕಳಪೆಯ ಪ್ರಕರಣಗಳಲ್ಲಿ ಪೂರ್ತಿ ಸುಳ್ಳು ಕಡಿಮೆ, ಅರ್ಧ ಸತ್ಯ ಜಾಸ್ತಿ.

ಹೊಳೆಯ ಆಚೆಯಿಂದ ಹಂಪಿ ಕೂಗಳತೆ ದೂರ. ಜಾಹೀರಾತಿನಲ್ಲಿ ‘ವಿರೂಪಾಕ್ಷ ದೇವಸ್ಥಾನಕ್ಕೆ ಒಂದೇ ಕಿಲೋಮೀಟರ್’ ಎಂದು ಇರುತ್ತದೆ. ಹಕ್ಕಿಗೆ ಅದು ನಿಜ. ಮನುಷ್ಯರು ದೋಣಿ ಹತ್ತಬೇಕು. ಸಂಜೆಯಾದರೆ ದೋಣಿ ಇಲ್ಲ. ಮಳೆಗಾಲದಲ್ಲಿ ತುಂಗಭದ್ರಾ ಜಲಾಶಯದ ಗೇಟ್ ಎತ್ತಿ ಹೊಳೆಗೆ ನೀರು ಬಿಟ್ಟರೆ ಹಗಲೂ ಇಲ್ಲ. ಆಗ ಬುಕ್ಕಸಾಗರ–ಕಡೆಬಾಗಿಲು ಸೇತುವೆ ಸುತ್ತಿ ಬರಬೇಕು. ಆಟೊ ಬಾಡಿಗೆ ರೂಮ್ ಬಾಡಿಗೆಯಲ್ಲಿ ಉಳಿಸಿದ್ದನ್ನು ತಿಂದುಹಾಕುತ್ತದೆ. ಹಂಪಿ ಇರುವುದು 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಯಲ್ಲಿ, ಆನೆಗೊಂದಿ, ಸಾಣಾಪುರ, ಅಂಜನಾದ್ರಿ ಇರುವುದು ಕೊಪ್ಪಳ ಜಿಲ್ಲೆಯಲ್ಲಿ. ಬುಕ್ ಮಾಡುವ ಪುಟದಲ್ಲಿ ‘ಹಂಪಿ’ ಎಂದಿದ್ದು ವಿಳಾಸದಲ್ಲಿ ಗಂಗಾವತಿ ತಾಲ್ಲೂಕು ಇದ್ದರೆ ಹೊಳೆ ದಾಟುವ ಲೆಕ್ಕ ಹಾಕಿಕೊಳ್ಳಿ. ಅಂಜನಾದ್ರಿಯ 575 ಮೆಟ್ಟಿಲು ಹತ್ತಲು ಬಂದವರಿಗೆ ಆಚೆ ದಂಡೆಯೇ ಅನುಕೂಲ. ವಿಜಯ ವಿಠ್ಠಲ ನೋಡಲು ಬಂದವರಿಗೆ ಅಲ್ಲ.

ಫೋಟೊದ ಹಸಿರನ್ನೂ ಋತುವಿನ ಜೊತೆ ಓದಬೇಕು. ಗಂಗಾವತಿ ಭತ್ತದ ಕಣಜ ನಿಜ. ಆದರೆ ಗದ್ದೆ ಹಸಿರಾಗುವುದು ಕಾಲುವೆಗೆ ನೀರು ಬಂದಾಗ. ಮೇ ತಿಂಗಳಲ್ಲಿ ಹೋದರೆ ಕಾಣುವುದು ಕೂಳೆ, ಬಂಡೆ, ಬಿಸಿಲು. ಆ ಬಿಸಿಲಿನ ವಿಷಯಕ್ಕೇ ಇನ್ನೊಂದು ಪ್ರಶ್ನೆ ಮುಖ್ಯ: ಕರೆಂಟ್ ಹೋದರೆ ಎಸಿ ಓಡುತ್ತದೆಯೇ? ‘ಪವರ್ ಬ್ಯಾಕಪ್ ಇದೆ’ ಎಂದರೆ ಹಲವು ಕಡೆ ಒಂದು ಇನ್ವರ್ಟರ್, ಎರಡು ಬಲ್ಬ್, ಒಂದು ಫ್ಯಾನ್ ಅಷ್ಟೇ. ರಾಯಚೂರಿನ ನಲವತ್ತು ಡಿಗ್ರಿಗೆ ಹುಟ್ಟಿ ಬೆಳೆದವರಿಗೂ ಮುಚ್ಚಿದ ಕಾಟೇಜಿನಲ್ಲಿ ಅದು ಸಾಲುವುದಿಲ್ಲ.

ವಿಮರ್ಶೆಗಳ ಬಗ್ಗೆ ಒಂದು ವಿಚಿತ್ರ ಸಂಬಂಧ ಹೇಳಲೇಬೇಕು. ‘ಮನೆಯಲ್ಲೇ ಕೂತು ಹೋಟೆಲ್‌ಗಳಿಗೆ ಐದು ಸ್ಟಾರ್ ಕೊಡಿ, ಪ್ರತಿ ಸಾರಿ ಐವತ್ತು ನೂರು ರೂಪಾಯಿ ಗಳಿಸಿ’ ಎಂಬ ಮೆಸೇಜ್ ನಿಮಗೂ ಬಂದಿರಬಹುದು. ಅದು ಮೊದಲು ಸ್ವಲ್ಪ ಕೊಟ್ಟು ಆಮೇಲೆ ಲಕ್ಷಗಟ್ಟಲೆ ಹೂಡಿಕೆ ಮಾಡಿಸುವ ಮೋಸದ ಬಾಗಿಲು. ಅದರಲ್ಲಿ ಸಿಕ್ಕಿಕೊಂಡವರು ಕೊಟ್ಟ ಸ್ಟಾರ್‌ಗಳು ಯಾವುದೋ ಹೋಟೆಲಿನ ಪುಟದಲ್ಲಿ ಉಳಿಯುತ್ತವೆ. ಸರ್ಕಾರ 2022ರಲ್ಲಿ ಆನ್‌ಲೈನ್ ವಿಮರ್ಶೆಗಳಿಗೆ ಐಎಸ್ 19000 ಎಂಬ ಮಾನದಂಡ ತಂದಿದೆ, ಆದರೆ ಅದೊಂದರಿಂದಲೇ ಸುಳ್ಳು ಸ್ಟಾರ್ ಮಾಯವಾಗಿಲ್ಲ. ಒಂದೇ ವಾರದಲ್ಲಿ ಸಾಲಾಗಿ ಬಂದ ‘ನೈಸ್’, ‘ಗುಡ್’ ಬಿಟ್ಟು, ಎರಡು ಮೂರು ಸ್ಟಾರ್ ಕೊಟ್ಟವರು ಉದ್ದಕ್ಕೆ ಬರೆದದ್ದನ್ನು ಓದಿ. ಸೊಳ್ಳೆ, ಬಿಸಿನೀರು, ನಾಯಿ, ಪಾರ್ಕಿಂಗ್ ಎಂದು ಬೈದವರು ಅಲ್ಲಿಗೆ ಹೋದವರೇ ಆಗಿರುತ್ತಾರೆ.

‘ಈಗ 14 ಜನ ಇದೇ ರೂಮ್ ನೋಡುತ್ತಿದ್ದಾರೆ’ ಎಂಬ ಹೆದರಿಕೆ ಸುಳ್ಳಾಗಿದ್ದರೆ ಅದು ತಪ್ಪು. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ 13 ತಂತ್ರಗಳನ್ನು ಹೆಸರಿಸಿ ನಿಷೇಧಿಸಿದೆ. ಕೊನೆ ಪುಟದಲ್ಲಿ ದರ ಏರಿಸುವುದು, ಕೇಳದ ವಿಮೆ ಸೇರಿಸುವುದು ಕೂಡ ಅದರಲ್ಲಿವೆ.

## ದೊಡ್ಡ ಆ್ಯಪ್ ಇದ್ದರೆ ಸಾಕಾ?

ಮುಕ್ಕಾಲು ಭಾಗ ಸಾಕು. ದುಡ್ಡು ಆ್ಯಪ್ ಮೂಲಕ ಹೋಗಿದ್ದರೆ ಕೇಳಲು ಒಂದು ಬಾಗಿಲು ಇರುತ್ತದೆ. ಕಾರ್ಡಿನಲ್ಲಿ ಕಟ್ಟಿದ್ದರೆ ಸೇವೆ ಸಿಗಲಿಲ್ಲ ಎಂದು ಬ್ಯಾಂಕಿನಲ್ಲಿ ದುಡ್ಡು ವಾಪಸ್, ಅಂದರೆ ಚಾರ್ಜ್‌ಬ್ಯಾಕ್ ಕೇಳಬಹುದು. ವ್ಯಕ್ತಿಯ ಖಾತೆಗೆ ಯುಪಿಐ ಮಾಡಿದ್ದರೆ ಅದು ಅಷ್ಟು ಸುಲಭವಲ್ಲ.

ಮೋಸ ನಡೆಯುವುದು ಆ್ಯಪಿನಿಂದ ಹೊರಗೆ ಕರೆದಾಗ. ‘ಆ್ಯಪ್ ಕಮಿಷನ್ ತಗೊಳ್ಳುತ್ತೆ, ನೇರ ಹಾಕಿದರೆ ಐನೂರು ಕಡಿಮೆ’ ಎನ್ನುತ್ತಾರೆ. ಇದನ್ನು ನಿಜವಾದ ಮಾಲೀಕರೂ ಕೇಳುತ್ತಾರೆ, ಕಮಿಷನ್ ಭಾರ ಅವರಿಗೂ ಇದೆ. ಹಾಗಾಗಿ ಇದೊಂದೇ ಮೋಸದ ಗುರುತಲ್ಲ. ಆದರೆ ಹೊರಗೆ ಹೋದ ಕ್ಷಣ ಆ್ಯಪಿನ ರಕ್ಷಣೆ ಕಳೆದುಹೋಗುತ್ತದೆ. ಐನೂರು ರೂಪಾಯಿ ಆ ರಕ್ಷಣೆಯ ಬೆಲೆ ಎಂದು ತಿಳಿದು ನಿರ್ಧರಿಸಿ. ಹೋಟೆಲಿನ ಲಾಗಿನ್ನನ್ನೇ ಕದ್ದು, ಆ್ಯಪಿನ ಒಳಗಿಂದಲೇ ‘ಕಾರ್ಡ್ ಖಚಿತಪಡಿಸಿ, ಇಲ್ಲದಿದ್ದರೆ ಬುಕಿಂಗ್ ರದ್ದು’ ಎಂದು ಲಿಂಕ್ ಕಳಿಸುವ ಹೊಸ ವಿದ್ಯೆಯೂ ಬಂದಿದೆ. ಆ ಲಿಂಕ್ ಒತ್ತದೆ ಹೋಟೆಲಿಗೆ ಫೋನ್ ಮಾಡಿ. ‘ನಮ್ಮ ಆ್ಯಪ್ ಇನ್‌ಸ್ಟಾಲ್ ಮಾಡಿ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಎಪಿಕೆ ಫೈಲ್ ಬಂದರೆ ಮುಟ್ಟಲೇಬೇಡಿ. ಅದು ರೂಮಿನ ಅಡ್ವಾನ್ಸ್ ಅಲ್ಲ, ಇಡೀ ಖಾತೆಯನ್ನೇ ಕೇಳುತ್ತಿದೆ.

ಆಧಾರ್ ಪ್ರತಿ ಕಳಿಸುವಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇರಲಿ. ಅದೂ ಬುಕಿಂಗ್ ಖಚಿತವಾದ ಮೇಲೆ.

## ದುಡ್ಡು ಹೋಗಿಬಿಟ್ಟಿದ್ದರೆ

ಮೊದಲು ಮಾಡಬೇಕಾದ್ದು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್. ನಾಳೆ ಅಲ್ಲ, ಆಗಲೇ. ಬಾಡಿಗೆ ಖಾತೆಗೆ ಬಿದ್ದ ದುಡ್ಡು ಬೇಗನೆ ಒಂದರಿಂದ ಇನ್ನೊಂದಕ್ಕೆ ಹರಿಯುತ್ತದೆ. ದೂರು ಬೇಗ ಬಂದರೆ ಬ್ಯಾಂಕ್ ಅದನ್ನು ದಾರಿಯಲ್ಲೇ ತಡೆಹಿಡಿಯಬಹುದು. ಎಟಿಎಂನಿಂದ ನಗದಾಗಿ ಹೋದ ಮೇಲೆ ತಡೆಯಲು ಏನೂ ಉಳಿದಿರುವುದಿಲ್ಲ. ವಹಿವಾಟು ಸಂಖ್ಯೆ, ಚಾಟ್, ಕ್ಯೂಆರ್ ಚಿತ್ರ ಅಳಿಸಬೇಡಿ. ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಯಲ್ಲೂ ಇವನ್ನೇ ಕೇಳುತ್ತಾರೆ.

ರೂಮ್ ನಿಜ, ಸೇವೆ ಮಾತ್ರ ಕೆಟ್ಟದ್ದು ಎಂದಾದರೆ ಪೊಲೀಸರ ದಾರಿ ಬೇಡ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅದರಿಂದ ಆಗದಿದ್ದರೆ ಗ್ರಾಹಕ ಆಯೋಗ. 2019ರ ಕಾಯ್ದೆ ಬಂದ ಮೇಲೆ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ಪ್ರಕರಣ ಹಾಕಬಹುದು. ಗೋವಾದ ಹೋಟೆಲಿನ ಮೇಲಿನ ದೂರಿಗೆ ಗೋವಾಕ್ಕೆ ಅಲೆಯಬೇಕಿಲ್ಲ. ಕೊಪ್ಪಳದವರು ಕೊಪ್ಪಳದಲ್ಲೇ, ಬಳ್ಳಾರಿಯವರು ಬಳ್ಳಾರಿಯಲ್ಲೇ ಕೊಡಬಹುದು. ಕೊಟ್ಟ ಮೊತ್ತ ₹5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಆದರೆ ಅರ್ಜಿಯಲ್ಲಿ ಎದುರುದಾರರ ಹೆಸರು ಮತ್ತು ಪೂರ್ತಿ ವಿಳಾಸ ಬರೆಯುವ ಜಾಗವಿದೆ. ಅದನ್ನು ತುಂಬಲು ಬೇಕಾದ್ದನ್ನು ಅಡ್ವಾನ್ಸ್ ಹಾಕುವ ಮುಂಚೆಯೇ ಮೆಸೇಜಿನಲ್ಲಿ ಬರೆಸಿಕೊಂಡಿರಬೇಕು.